ಒಂದು ದೀರ್ಘ ಕೆರೆದ ಕಥೆ

ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಸಣ್ಣ ಪ್ರೆಸ್ಸಿದೆ. ಅಲ್ಲಿ ನಾನು ಹನ್ನೊಂದು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಶಿವಗಣಾರಾಧನೆ ಕಾರ್ಡು, ಜಾತ್ರೆಯ ಕರಪತ್ರ, ವರ್ಷಕ್ಕೆ ನಾಲ್ಕೈದು ಮಠದ ಪುಸ್ತಕ. ಇಷ್ಟು ವರ್ಷದಲ್ಲಿ ಹೆಸರು ತಪ್ಪಾಗಿದೆ, ಮುಹೂರ್ತ ತಪ್ಪಾಗಿದೆ, ಒಮ್ಮೆ ವರನ ಜಾಗದಲ್ಲಿ ಅವನ ಮಾವನ ಫೋಟೋ ಬಂದಿದೆ. ಆದರೆ ಒಂದು ಧರ್ಮದ ದೇವರನ್ನೇ ಇಲ್ಲ ಅನ್ನಿಸಿದ್ದು ಒಂದೇ ಸಲ. ಅದೂ ಒಂದು ದೀರ್ಘದಿಂದ.

ಜುಲೈ ಕೊನೆಯಲ್ಲಿ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾರೆ. ಬಟ್ಟೆ ಚೀಲದಿಂದ ಫುಲ್‌ಸ್ಕೇಪ್ ಹಾಳೆಯ ಕಟ್ಟು ತೆಗೆದು ಟೇಬಲ್ ಮೇಲೆ ಇಟ್ಟರು. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ.

"48 ಪುಟ ಆಗ್ಬೇಕಮ್ಮ. 500 ಪ್ರತಿ. ಹರಿಹರದಲ್ಲಿ ಆರೋಗ್ಯ ಮಾತೆ ಹಬ್ಬ ಐತಲ್ಲ, ಸೆಪ್ಟೆಂಬರ್ 8ಕ್ಕೆ, ಅಷ್ಟೊತ್ತಿಗೆ ಕೈಲಿರಬೇಕು."

ವಿಷಯ ಏನು ಅಂತ ಕೇಳಿದೆ. ಕ್ರೈಸ್ತರು ನಂಬೋ ದೇವರು ಒಬ್ಬರೇ ಅನ್ನೋದು ಅಂದರು. ಕಾಲೇಜಿಗೆ ಹೋಗೋ ಅವರ ಹುಡುಗರನ್ನ ಗೆಳೆಯರು ರೇಗಿಸುತ್ತಾರಂತೆ: ನಿಮಗೆ ದೇವ್ರು ಒಬ್ರಾ, ಮೂವರಾ? ಹುಡುಗರು ಉತ್ತರ ಗೊತ್ತಿಲ್ಲದೆ ಪೆಚ್ಚುಮೋರೆ ಹಾಕಿಕೊಂಡು ಬರುತ್ತಾರಂತೆ.

ನಿಜ ಹೇಳಬೇಕೆಂದರೆ ನನ್ನ ಅಭಿಪ್ರಾಯವೂ ಆ ಗೆಳೆಯರದ್ದೇ. ಪಿತ, ಸುತ, ಪವಿತ್ರಾತ್ಮ ಅಂತ ಬೆರಳು ಮಡಚಿ ಎಣಿಸುತ್ತಾರೆ. ಮೂರಿದ್ದರೆ ಮೂರು ಅನ್ನಲಿ, ಅದರಲ್ಲಿ ನಾಚಿಕೆ ಏನು? ನಮ್ಮ ಊರಿನಲ್ಲಿ ದೇವರು ಜಾಸ್ತಿಯಾದರು ಅಂತ ಯಾರೂ ಯಾರನ್ನೂ ಬೈದಿಲ್ಲ. ಮನಸ್ಸಿನಲ್ಲೇ ಹೀಗಂದುಕೊಂಡು ಕಂಪ್ಯೂಟರಿನಲ್ಲಿ ನುಡಿ ಸಾಫ್ಟ್‌ವೇರ್ ತೆರೆದು ಟೈಪ್ ಶುರು ಮಾಡಿದೆ.

ಮೊದಲ ಪ್ರೂಫಿನಲ್ಲೇ ಪೆಟ್ಟು ತಿಂದೆ.

ಅವರು ಹಳೇ ಬೈಬಲ್ಲಿನ ಮೊದಲ ಸಾಲು ಬರೆದಿದ್ದರು. ಅವರ ಹೆಂಡತಿ ತವರಿನವರು ಪ್ರಾಟೆಸ್ಟೆಂಟರು, ಆ ಮನೆಯಿಂದ ಬಂದ ಪುಸ್ತಕವಂತೆ. "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು." ದೇವರು ಅಂದಮೇಲೆ ಉಂಟುಮಾಡಿದನು ಹೇಗಾಗುತ್ತದೆ? ಕನ್ನಡ ಮೇಷ್ಟ್ರು ಆತುರದಲ್ಲಿ ಬರೆದಿದ್ದಾರೆ ಅಂತ ನಾನೇ "ಉಂಟುಮಾಡಿದರು" ಮಾಡಿದೆ. ಪ್ರೂಫ್ ವಾಪಸ್ ಬಂದಾಗ ಅಲ್ಲಿ ಕೆಂಪು ಇಂಕಿನ ದೊಡ್ಡ ಸುತ್ತು.

"ಯಾಕಮ್ಮ ತಿದ್ದಿದೆ?"

"ವ್ಯಾಕರಣ ತಪ್ಪಿತ್ತಲ್ವಾ ಸಾರ್."

ಅವರು ನಕ್ಕು ಸ್ಟೂಲ್ ಎಳೆದುಕೊಂಡು ಕೂತರು. ಹೀಬ್ರೂ ಮೂಲದಲ್ಲೂ ಹೀಗೇ ಇದೆಯಂತೆ. ಅಲ್ಲಿ ದೇವರಿಗೆ ಇರುವ ಪದ ಎಲೋಹಿಂ. ರೂಪದಲ್ಲಿ ಅದು ಬಹುವಚನ. ಆದರೆ ಅದರ ಕ್ರಿಯಾಪದ, ಬಾರಾ, ಏಕವಚನ. ನಮ್ಮ ಹಳೇ ಬೈಬಲ್ಲಿನ "ದೇವರು ಉಂಟುಮಾಡಿದನು" ಕೂಡ ಹಾಗೇ, ಹೆಸರು ಬಹುವಚನ, ಕ್ರಿಯೆ ಏಕವಚನ. ನನಗೆ ಕಿವಿ ನೆಟ್ಟಗಾಯಿತು.

"ಹಾಗಾದ್ರೆ ಅಲ್ಲೇ ಮೂವರು ಇದ್ದಾರೆ ಅಂತ ಸಾಕ್ಷಿ ಸಿಕ್ತಲ್ಲ ಸಾರ್. ಬರೀಬಹುದಲ್ಲ?"

"ಬರಿಯೋರು ಬರೀತಾರೆ. ನಾನು ಬರಿಯಲ್ಲ. ನಿಮ್ಮಜ್ಜ ಬಂದ್ರು ಅಂತೀಯಲ್ಲ, ಎಷ್ಟು ಜನ ಅಜ್ಜಂದಿರು ಬಂದ್ರು?"

ಆ ಪುಸ್ತಕ ಬರೆದುಕೊಂಡ ಯೆಹೂದ್ಯರು ಎಲೋಹಿಂ ಅಂತ ಓದುತ್ತಲೇ ದೇವರು ಒಬ್ಬನೇ ಅಂತ ದಿನಾ ಹೇಳಿಕೊಂಡು ಬಂದವರು. ಧರ್ಮೋಪದೇಶಕಾಂಡ 6:4ರ ಮಾತು ಅದು: ಇಸ್ರಾಯೇಲೇ ಕೇಳು, ನಮ್ಮ ದೇವರು ಒಬ್ಬನೇ. ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ಯೇಸು ಮೊದಲು ಹೇಳಿದ್ದೂ ಅದೇ ಮಾತು, ಮಾರ್ಕನ ಸುವಾರ್ತೆ 12:29ರಲ್ಲಿದೆ. "ನಾವು ಶುರು ಮಾಡಿದ್ದು ಅಲ್ಲಿಂದ. ಅದನ್ನ ಬಿಟ್ರೆ ನಮ್ಮ ಪುಸ್ತಕದ ಬುಡನೇ ಇಲ್ಲ," ಅಂದರು. ನಾನು "ದರು" ತೆಗೆದು "ದನು" ಹಾಕಿದೆ.

ಆಮೇಲೆ ಇಡೀ ಆಗಸ್ಟ್ ಇದೇ ಆಯಿತು. ಬೆಳಿಗ್ಗೆ ಹತ್ತೂವರೆಗೆ ಛತ್ರಿ ಮಡಚುತ್ತಾ ಬರುವುದು, ಕೆಂಪು ಪೆನ್ನು, ಚಹಾ, ಹನ್ನೆರಡಕ್ಕೆ ಹೋಗುವುದು. ಬೇರೆ ಗಿರಾಕಿ ಆಗಿದ್ದರೆ ಓನರ್ ಬೈದು ಕಳಿಸುತ್ತಿದ್ದರು. ಇವರ ಹತ್ತಿರ ಅವರೂ ಹೈಸ್ಕೂಲಿನಲ್ಲಿ ಪಾಠ ಕೇಳಿದವರು, ಸುಮ್ನಿದ್ದರು.

ನನಗೆ ಅತಿ ಕಷ್ಟ ಕೊಟ್ಟ ಪದ "ವ್ಯಕ್ತಿ". ಒಬ್ಬ ದೇವರು, ಮೂವರು ವ್ಯಕ್ತಿಗಳು ಅಂತ ಬರೆದಿದ್ದರು. ಕನ್ನಡದಲ್ಲಿ ವ್ಯಕ್ತಿ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರೋ ಒಬ್ಬ ಆಸಾಮಿ. ಮೂವರು ವ್ಯಕ್ತಿಗಳು ಅಂದ ತಕ್ಷಣ ಕಣ್ಣಿಗೆ ಮೂರು ತಲೆ ಕಾಣುತ್ತದೆ. ಹೇಳಿಯೇಬಿಟ್ಟೆ. ಅವರೂ ಒಪ್ಪಿದರು. ಲ್ಯಾಟಿನ್ನಿನ ಪೆರ್ಸೋನಾ ಅನ್ನೋ ಪದಕ್ಕೆ ಹಾಕಿದ ಅನುವಾದ ಅದು, ಪೆರ್ಸೋನಾಕ್ಕೆ ನಾಟಕದ ಮುಖವಾಡ ಅನ್ನೋ ಅರ್ಥವೂ ಇತ್ತಂತೆ. ನಾನು ಥಟ್ಟನೆ ಅಂದೆ: ಹಾಗಾದರೆ ಸುಲಭ ಆಯ್ತಲ್ಲ ಸಾರ್, ನಾಟಕ ಕಂಪನೀಲಿ ಒಬ್ಬನೇ ನಟ ಮೂರು ಪಾತ್ರ ಮಾಡಲ್ವಾ, ಹಾಗೆ.

"ಅದನ್ನ ಹೇಳಿದವನೂ ಒಬ್ಬ ಇದ್ದ. ಸಬೆಲಿಯಸ್ ಅಂತ, ಮೂರನೇ ಶತಮಾನದಲ್ಲಿ. ಧರ್ಮಸಭೆ ಒಪ್ಪಲಿಲ್ಲ."

"ಯಾಕೆ? ಚೆನ್ನಾಗೇ ಐತಲ್ಲ."

"ಯೇಸು ಶಿಲುಬೆ ಮೇಲೆ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂದ್ರು. ಒಬ್ಬನೇ ನಟ ಆದ್ರೆ ಅದನ್ನ ಯಾರಿಗೆ ಹೇಳಿದ್ರು? ತನಗೆ ತಾನೇ? ಬರೀ ನಾಟಕ ಆಗ್ಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಸಿಟ್ಟು ಬಂತು. ಮೂವರು ಬೇರೆ ಬೇರೆ ಅನ್ನಬಾರದು, ಒಬ್ಬನೇ ವೇಷ ಹಾಕಿದ್ದಾನೆ ಅಂತಲೂ ಅನ್ನಬಾರದು. ಹಾಗಾದರೆ ಏನು ಅನ್ನಬೇಕು? ಅವರು ಅಗಸ್ಟೀನನ ಮಾತು ಹೇಳಿದರು. ಐದನೇ ಶತಮಾನದ ಆ ಧರ್ಮಗುರು ತ್ರಿತ್ವದ, ಅಂದರೆ ಒಬ್ಬ ದೇವರಲ್ಲಿ ಮೂವರು ಅನ್ನೋದರ, ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದವನು. ಅದರಲ್ಲೇ ಒಪ್ಪಿಕೊಂಡಿದ್ದಾನಂತೆ: ಮೂವರು ವ್ಯಕ್ತಿಗಳು ಅನ್ನೋದು ವಿಷಯ ಪೂರ್ತಿ ಹೇಳಿದೆವು ಅಂತಲ್ಲ, ಏನೂ ಹೇಳದೆ ಸುಮ್ಮನಿರಬಾರದಲ್ಲ ಅಂತ. ಅಷ್ಟು ದೊಡ್ಡವನೇ ಹೀಗಂದಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಪದ ಸಿಗದೆ ಒದ್ದಾಡೋದು ನನಗೂ ಗೊತ್ತು.

ಮನೆಯಲ್ಲಿ ಅಜ್ಜಿಗೆ ಹೇಳಿದರೆ ಅವಳಿಗೆ ಇದು ಸಮಸ್ಯೆಯೇ ಅಲ್ಲ. ಶ್ರಾವಣ ಸೋಮವಾರ, ಲಿಂಗಪೂಜೆ ಮುಗಿಸಿ ಕರಡಿಗೆಗೆ ಲಿಂಗ ಇಡುತ್ತಾ ಅಂದಳು: "ಅದ್ರಾಗೇನೈತಿ? ಗುರು, ಲಿಂಗ, ಜಂಗಮ ಮೂರೂ ಒಂದೇ ಅಂತೀವಿ. ಬಿಲ್ವಪತ್ರಿ ಮೂರು ಎಲಿ, ಕೀಳೋದು ಒಂದೇ ಪತ್ರಿ."

ಮರುದಿನ ಬಿಲ್ವಪತ್ರೆಯ ಮಾತನ್ನು ಮೇಷ್ಟ್ರ ಮುಂದೆ ಇಟ್ಟೆ. ಜೊತೆಗೆ ನನ್ನದೂ ಒಂದು ಸೇರಿಸಿದೆ. ಹದಿನಾಲ್ಕು ಕಿಲೋಮೀಟರ್ ದೂರದಲ್ಲೇ ಹರಿಹರೇಶ್ವರ ಇದ್ದಾನೆ. ಬಲಕ್ಕೆ ಹರ, ಎಡಕ್ಕೆ ಹರಿ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅನ್ನೋ ವರ ಇತ್ತು, ಅದಕ್ಕೆ ಇಬ್ಬರೂ ಒಂದಾಗಿ ಬಂದರು ಅನ್ನೋದು ಸ್ಥಳಪುರಾಣ. ಇಬ್ಬರು ಒಬ್ಬರಾಗೋದು ನಮಗೆ ಹೊಸದಲ್ಲ, ಹೀಗೆ ಬರೆದರೆ ಇಲ್ಲಿಯ ಜನಕ್ಕೆ ಬೇಗ ಅರ್ಥ ಆಗುತ್ತದೆ ಅಂದೆ.

ಮೇಷ್ಟ್ರು ತುಂಬಾ ಹೊತ್ತು ಯೋಚನೆ ಮಾಡಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಗುಡಿ ಚಂದ. ಆದ್ರೆ ಅಲ್ಲಿ ಅರ್ಧ ಹರಿ, ಅರ್ಧ ಹರ. ನಾವು ಹೇಳೋದು ಪಿತನೂ ಪೂರ್ತಿ ದೇವರು, ಸುತನೂ ಪೂರ್ತಿ ದೇವರು, ಪವಿತ್ರಾತ್ಮನೂ ಪೂರ್ತಿ ದೇವರು. ಭಾಗ ಇಲ್ಲ. ಪತ್ರೆಯಲ್ಲಿ ಒಂದು ಎಲೆ ಕಿತ್ರೆ ಮೂರರಲ್ಲಿ ಒಂದು ಪಾಲು ಹೋಗುತ್ತೆ."

ಇಷ್ಟು ಹೊತ್ತಿಗೆ ಬೈಂಡಿಂಗ್ ಚಾಚಾನೂ ಮಾತಿಗೆ ಇಳಿದಿದ್ದರು. ಚಾಚಾ ನಮ್ಮ ಪ್ರೆಸ್ಸಿನಲ್ಲಿ ನನಗಿಂತ ಹಳಬರು. ಫಾರಂ ಮಡಚುವ ಕೈ ನಿಲ್ಲಿಸದೆ ಅಂದರು: "16 ಪುಟದ್ದು ಮೂರು ಫಾರಂ. ಪಿನ್ ಹೊಡೆದ್ರೆ ಒಂದೇ ಕಿತಾಬು. ಹಾಗಾ ಮೇಷ್ಟ್ರೇ?"

"ಅದೂ ಅಲ್ಲ ಸಾಹೇಬ್ರೇ. ಒಂದು ಫಾರಂ ಅಂದ್ರೆ ಪೂರ್ತಿ ಪುಸ್ತಕ ಅಲ್ಲ."

"ಹಾಗಾದ್ರೆ ಲೆಕ್ಕನೇ ತಪ್ಪು," ಅಂದರು ಚಾಚಾ. ಅವರಿಗೆ ಇದರಲ್ಲಿ ಅನುಮಾನವೇ ಇಲ್ಲ. ಅಲ್ಲಾ ಒಬ್ಬ, ಅವನು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ. ಕುರಾನಿನ 112ನೇ ಸೂರಾ, ನಾಲ್ಕೇ ಸಾಲು, ಮನೆಯಲ್ಲಿ ಸಣ್ಣ ಮೊಮ್ಮಗುವಿಗೂ ಬಾಯಿಪಾಠ ಅಂದರು. ಈಸಾ, ಅಂದರೆ ಯೇಸು, ದೊಡ್ಡ ಪ್ರವಾದಿ, ಅವರ ತಾಯಿಯ ಹೆಸರಿನಲ್ಲೇ ಮರ್ಯಮ್ ಅನ್ನೋ ಸೂರಾ ಇದೆ, ಮರ್ಯಾದೆಗೆ ಏನೂ ಕಮ್ಮಿ ಇಲ್ಲ. "ಮೂರು ಅನ್ನಬೇಡಿ ಅಂತ ಸಾಫ್ ಬರೆದೈತೆ."

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. "ಮೂರು ದೇವರು ಅನ್ನಬೇಡಿ ಅಂದ್ರೆ ನಾನೂ ಸಹಿ ಹಾಕ್ತೀನಿ," ಅಂದು ಚಹಾ ತರಿಸಿದರು.

ಎರಡನೇ ಪ್ರೂಫಿನಲ್ಲಿ ನಾನೊಂದು ತರಲೆ ಮಾಡಿದೆ. ಕಂಪ್ಯೂಟರಿನಲ್ಲಿ ಹುಡುಕು ಅಂತ ಕೊಟ್ಟು "ರಹಸ್ಯ" ಅನ್ನೋ ಪದ ಎಷ್ಟು ಸಲ ಬಂದಿದೆ ನೋಡಿದೆ. 31. ಅವರಿಗೆ ಹೇಳಿದೆ, ಸಾರ್, ಪ್ರಶ್ನೆ ಗಟ್ಟಿಯಾದ ಕಡೆಯೆಲ್ಲಾ ನೀವು ರಹಸ್ಯ ಅಂದು ಮುಂದೆ ಹೋಗ್ತೀರಿ. ಅವರ ಮುಖ ಸ್ವಲ್ಪ ಸಣ್ಣದಾಯಿತು. ಹಾಳೆ ತಗೊಂಡು ಹೋದವರು ನಾಲ್ಕು ದಿನ ಬರಲಿಲ್ಲ. ಬಂದಾಗ ಅದು 9ಕ್ಕೆ ಇಳಿದಿತ್ತು. ಉಳಿದ ಕಡೆ ಕೆಂಪು ಇಂಕಿನಲ್ಲಿ ಅಂಚಿನವರೆಗೂ ಹೊಸದಾಗಿ ಬರೆದಿದ್ದರು. ನನ್ನ ಪ್ರಕಾರ ಆ ಪುಸ್ತಕದ ಒಳ್ಳೇ ಭಾಗ ಅದೇ.

ಅಲ್ಲಿ ಬಂದಿದ್ದು ಏರಿಯಸ್ಸನ ಕಥೆ. ನಾಲ್ಕನೇ ಶತಮಾನ, ಅಲೆಕ್ಸಾಂಡ್ರಿಯಾದ ಪಾದ್ರಿ. ಅವನ ವಾದ ಸರಳ. ದೇವರು ಒಬ್ಬನೇ, ಆದ್ದರಿಂದ ಮಗ ದೇವರಷ್ಟು ದೊಡ್ಡವನಲ್ಲ. ಎಲ್ಲಕ್ಕಿಂತ ಮೊದಲು ಸೃಷ್ಟಿಯಾದವನು, ಆದರೂ ಸೃಷ್ಟಿಯಾದವನೇ. ತಂದೆ ನನಗಿಂತ ದೊಡ್ಡವನು ಅಂತ ಯೇಸುವೇ ಹೇಳಿದ್ದು ಯೊವಾನ್ನನ ಸುವಾರ್ತೆ 14:28ರಲ್ಲಿ ಇದೆಯಲ್ಲ ಅಂದ. ಓದುತ್ತಾ ನಾನು ಅವನ ಪಕ್ಷ ಸೇರಿದ್ದೆ. ದೇವರು ಒಬ್ಬನೇ ಅನ್ನೋದನ್ನ ನಿಜವಾಗಿ ಕಾಪಾಡಿದವನು ಇವನೇ ಅನ್ನಿಸಿತು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರನ್ನೆಲ್ಲ ಸೇರಿಸಿದ. ಅಲ್ಲಿ ಏರಿಯಸ್ ಸೋತ.

ಮೇಷ್ಟ್ರು ಅಂಚಿನಲ್ಲಿ ಬರೆದಿದ್ದ ಒಂದು ಪ್ರಶ್ನೆ ನನ್ನನ್ನು ನಿಲ್ಲಿಸಿತು. ಸರಿ, ಮಗ ಸೃಷ್ಟಿಯಾದವನು. ಆದರೆ ಆ ಹೊತ್ತಿಗಾಗಲೇ ಕ್ರೈಸ್ತರು ಅವನಿಗೆ ಪ್ರಾರ್ಥನೆ ಮಾಡುತ್ತಿದ್ದರು. 112ರ ಸುಮಾರಿಗೆ ಪ್ಲಿನಿ ಎಂಬ ರೋಮನ್ ಅಧಿಕಾರಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲೇ, ಇವರು ಬೆಳಗಾಗುವ ಮೊದಲು ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಅಂತ ಇದೆ. ಏರಿಯಸ್ಸನ ಗುಂಪೂ ಆ ಪೂಜೆ ಬಿಟ್ಟಿರಲಿಲ್ಲ. ಹಾಗಾದರೆ ದೊಡ್ಡ ದೇವರು ಒಬ್ಬ, ಪೂಜೆ ತಗೊಳ್ಳೋ ಸಣ್ಣ ದೇವರು ಇನ್ನೊಬ್ಬ. ಆಗ ಎರಡಾಯಿತಲ್ಲ?

ನಾನು ಕರ್ಸರ್ ಅಲ್ಲೇ ಬಿಟ್ಟು ಕೂತೆ. ಮೂರು ಅನ್ನೋದು ಒಂದನ್ನು ಕೆಡಿಸೋಕೆ ಬಂದಿದ್ದು ಅಂತ ಅಂದುಕೊಂಡಿದ್ದೆ. ಇವರ ಕಥೆಯಲ್ಲಿ ಅದು ಒಂದನ್ನು ಉಳಿಸೋಕೆ ಹಾಕಿದ ಬೇಲಿ. ಯೆಹೂದ್ಯರಾಗಿ ಶುರು ಮಾಡಿದವರು, ಒಬ್ಬನೇ ಅನ್ನೋದನ್ನ ಬಿಡೋ ಹಾಗಿಲ್ಲ. ಯೇಸುವಿಗೆ ಕೈ ಮುಗಿಯೋದನ್ನೂ ಬಿಡಲಿಲ್ಲ. ಎರಡೂ ಕೈಯಲ್ಲಿ ಎರಡು ಹಿಡಿದುಕೊಂಡು ಮುನ್ನೂರು ವರ್ಷ ನಡೆದು ಆಮೇಲೆ ಅದಕ್ಕೊಂದು ವ್ಯಾಕರಣ ಮಾಡಿದರು. ಬೈಬಲ್ಲಿನಲ್ಲಿ ತ್ರಿತ್ವ ಅನ್ನೋ ಪದವೇ ಇಲ್ಲ ಅನ್ನೋದಕ್ಕೆ ಮೇಷ್ಟ್ರು ನಾಚಿಕೆ ಪಡಲಿಲ್ಲ. ಟ್ರಿನಿಟಾಸ್ ಅಂತ ಲ್ಯಾಟಿನ್ನಿನಲ್ಲಿ ಬಳಕೆಗೆ ತಂದವನು ಕಾರ್ಥೇಜಿನ ತೆರ್ತುಲಿಯನ್, 200ರ ಆಸುಪಾಸು, ಅಂತ ಅವರೇ ಬರೆದಿದ್ದರು.

ನೈಸಿಯಾದಲ್ಲಿ ಇಟ್ಟ ಪದ ಹೋಮೊಊಸಿಯೊಸ್. ತಂದೆ ಮಗನದ್ದು ಅದೇ ಸತ್ವ. ಆಮೇಲೆ ಕೆಲವರು ಹೋಮೊಯಿಊಸಿಯೊಸ್ ಅನ್ನೋಣ ಅಂದರು. ಅಂಥದೇ ಸತ್ವ. ಗ್ರೀಕಿನಲ್ಲಿ ವ್ಯತ್ಯಾಸ ಒಂದೇ ಅಕ್ಷರ, ಅಯೋಟ, ಅವರ ಅಕ್ಷರಮಾಲೆಯಲ್ಲೇ ಅತಿ ಸಣ್ಣದು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯವರೆಗೂ ಜಗಳ ನಡೆಯಿತು, ಎಷ್ಟೋ ಬಿಷಪ್ಪರು ಊರು ಬಿಟ್ಟರು. "ಅದೇ" ಮತ್ತು "ಅಂಥದೇ". ಇದನ್ನ ಟೈಪ್ ಮಾಡುವಾಗ ಒಂದು ಅಕ್ಷರಕ್ಕೆ ಇಷ್ಟೆಲ್ಲಾನಾ ಅಂತ ನಕ್ಕಿದ್ದೆ. ಆ ನಗು ನನಗೇ ತಿರುಗಿ ಬಂತು, ಅದನ್ನ ಆಮೇಲೆ ಹೇಳುತ್ತೇನೆ.

ಇನ್ನೊಂದು ದಿನ ಯೊವಾನ್ನ 1:3ರ ಮೇಲೆ ಅರ್ಧ ಗಂಟೆ ಕಳೆದರು. ಎಲ್ಲವೂ "ಅವನಿಂದ", ಅಂದರೆ ಮಗನಿಂದ, ಆಯಿತು ಅನ್ನಬೇಕೋ, "ಅವನ ಮೂಲಕ" ಅನ್ನಬೇಕೋ. ನನಗೆ ಬೇರೆ ಕೆಲಸ ಕಾಯುತ್ತಿತ್ತು, ಯಾವುದೋ ಒಂದು ಹೇಳಿ ಸಾರ್ ಅಂದೆ. ಅದಕ್ಕೆ ಅವರು ಕಲ್ಕತ್ತೆಯ ಕಥೆ ಹೇಳಿದರು. ರಾಮಮೋಹನ ರಾಯರ ಜೊತೆ ಇಬ್ಬರು ಮಿಷನರಿಗಳು ಸುವಾರ್ತೆಗಳನ್ನ ಬಂಗಾಳಿಗೆ ತರುತ್ತಿದ್ದರು. ಇದೇ ಜಾಗದಲ್ಲಿ ಸಿಕ್ಕಿಕೊಂಡರು. ಒಬ್ಬರು, ವಿಲಿಯಂ ಆಡಂ, "ಮೂಲಕ" ಅನ್ನೋದೇ ಸರಿ ಅಂತ ತೀರ್ಮಾನಿಸಿದರು. ಹಾಗಾದರೆ ಮಗ ತಂದೆಗಿಂತ ಕೆಳಗಿನವನು ಅಂತ ಯೋಚಿಸುತ್ತಾ ಹೋಗಿ 1821ರಲ್ಲಿ ತ್ರಿತ್ವವನ್ನೇ ಬಿಟ್ಟರು. ರಾಯರನ್ನ ತಮ್ಮ ಕಡೆ ಸೆಳೀಬೇಕು ಅಂತಿದ್ದವರು, ತಾವೇ ತ್ರಿತ್ವ ಒಪ್ಪದ ರಾಯರ ಕಡೆ ಹೋದರು. ಎರಡನೇ ಆದಾಮನೂ ಬಿದ್ದ ಅಂತ ಜನ ಆಡಿಕೊಂಡರಂತೆ.

"ಒಂದು ವಿಭಕ್ತಿಗೆ ಒಬ್ಬ ಪಾದ್ರಿ ಹೋದ್ರು ನೋಡಮ್ಮ," ಅಂದು "ಮೂಲಕ" ಅಂತಲೇ ಬರೆಸಿದರು. ಗ್ರೀಕಿನಲ್ಲಿ ಇರೋದು ಅದೇ, ನಮಗೆ ಅನುಕೂಲ ಅಂತ ಬದಲಿಸೋಕೆ ಆಗುತ್ತಾ ಅಂದರು.

ಇವರು ಪ್ರಾಮಾಣಿಕರು ಅಂತ ನನಗೆ ಪೂರ್ತಿ ಖಾತ್ರಿಯಾಗಿದ್ದು ಮೂರನೇ ಪ್ರೂಫಿನಲ್ಲಿ. ಯೊವಾನ್ನನ ಮೊದಲ ಪತ್ರ 5:7ನ್ನು ಅವರು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದರು. ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ಪಿತ, ವಾಕ್ಯ, ಪವಿತ್ರಾತ್ಮ, ಈ ಮೂವರೂ ಒಂದೇ ಅನ್ನೋ ಮಾತು. ಇಡೀ ಪುಸ್ತಕಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಮೂರನೇ ಪ್ರೂಫಿನಲ್ಲಿ ಅದರ ಮೇಲೆ ಅಡ್ಡ ಗೀಟು. ಯಾಕೆ ಅಂದರೆ, ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತು ಇಲ್ಲ. ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗಲೂ ಅದು ಇರಲಿಲ್ಲ, 1519ರಲ್ಲೂ ಇಲ್ಲ. ಗಲಾಟೆ ಆದಮೇಲೆ 1522ರ ಮುದ್ರಣದಲ್ಲಿ ಸೇರಿಸಿದ. ಯಾರೋ ಲ್ಯಾಟಿನ್ ಪ್ರತಿಯ ಅಂಚಿನಲ್ಲಿ ಬರೆದ ಟಿಪ್ಪಣಿ, ನಕಲು ಮಾಡುವಾಗ ಒಳಗೆ ನುಗ್ಗಿದೆ ಅನ್ನೋದು ವಿದ್ವಾಂಸರ ಮಾತು. ಅಂಚಿನ ಟಿಪ್ಪಣಿ ಒಳಗೆ ನುಗ್ಗೋದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ "ಅಡ್ವಾನ್ಸ್ 500 ಬಂದಿದೆ" ಅಂತ ಅಚ್ಚಾಗಿತ್ತು.

"ಕಾಲೇಜು ಹುಡುಗರು ಇದನ್ನ ಹಿಡ್ಕೊಂಡು ವಾದ ಮಾಡಿ, ನಾಳೆ ಯಾರೋ ಅದು ಸೇರಿಸಿದ್ದು ಅಂದ್ರೆ, ಉಳಿದಿದ್ದೂ ಸುಳ್ಳು ಅಂದ್ಕೊಳ್ತವೆ," ಅಂದರು ಮೇಷ್ಟ್ರು.

ಅಜ್ಜಿಯ ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅವಳು ವರ್ಷಕ್ಕೊಮ್ಮೆ ಹರಿಹರಕ್ಕೆ ಹೋದರೆ ಹರಿಹರೇಶ್ವರನಿಗೆ ಕಾಯಿ ಒಡೆಸಿ, ಅಲ್ಲಿಂದ ಆರೋಗ್ಯ ಮಾತೆಗೆ, ಅಂದರೆ ಯೇಸುವಿನ ತಾಯಿ ಮರಿಯಳಿಗೆ, ಮೇಣದಬತ್ತಿ ಹಚ್ಚಿ ಬರುತ್ತಾಳೆ. ಅವಳಿಗೆ ಅದು "ಹರಿಹರದ ಅಮ್ಮ". "ಆ ಅಮ್ಮನ್ನ ಯಾಕೆ ಲೆಕ್ಕಕ್ಕೆ ಹಿಡಿದಿಲ್ಲ ನಿಮ್ಮ ಮೇಷ್ಟ್ರು? ಮೂವರಲ್ಲ, ನಾಕು ಮಂದಿ," ಅಂದಳು. ಕೇಳಿದೆ. ಆರಾಧನೆ ದೇವರಿಗೆ ಮಾತ್ರ, ಮಾತೆಗೆ ಮತ್ತು ಸಂತರಿಗೆ ಗೌರವ, ಅವರಿಗೆ ಮಾಡೋ ಬಿನ್ನಹ ನಮ್ಮ ಪರವಾಗಿ ದೇವರ ಹತ್ತಿರ ಬೇಡಿ ಅಂತ, 787ರ ಎರಡನೇ ನೈಸಿಯಾ ಸಭೆಯಲ್ಲೇ ಈ ಭೇದ ಮಾಡಿದ್ದಾರೆ ಅಂದರು. ಪುಸ್ತಕದಲ್ಲಿ ಭೇದ ಇದೆ, ಒಪ್ಪುತ್ತೇನೆ. ಮೇಣದಬತ್ತಿ ಹಿಡಿದು ಕಣ್ಣೀರು ಹಾಕುತ್ತಾ ನಿಂತವರ ಮನಸ್ಸಿನಲ್ಲಿ ಆ ಭೇದ ಎಷ್ಟಿರುತ್ತದೋ. ಇದನ್ನ ಅವರಿಗೂ ಹೇಳಿದೆ. "ಅದಕ್ಕೇ ಅಲ್ವಾ ಹಬ್ಬದ ದಿನಕ್ಕೆ ಪುಸ್ತಕ ಬೇಕು ಅಂದಿದ್ದು," ಅಂದರು.

ಸೆಪ್ಟೆಂಬರ್ 3ಕ್ಕೆ ಪ್ಲೇಟ್ ಆಯಿತು, 4ಕ್ಕೆ ಆಫ್‌ಸೆಟ್ ಮೇಲೆ ಓಡಿತು. 5ರ ಬೆಳಿಗ್ಗೆ ಚಾಚಾ ಎರಡನೇ ಫಾರಂ ಮಡಚುತ್ತಿದ್ದವರು ಕೈ ನಿಲ್ಲಿಸಿ ಕನ್ನಡಕ ಏರಿಸಿದರು.

"ಬೇಟಿ, ಬಾ ಇಲ್ಲಿ. ಮೇಷ್ಟ್ರು ನಮ್ಮ ಮಾತು ಒಪ್ಪಿಬಿಟ್ರಾ?"

19ನೇ ಪುಟ. ಅಥನೇಸಿಯಸ್ಸನ ಹೆಸರಿನಲ್ಲಿರೋ, ಆದರೆ ಅವನು ಬರೆಯದ, ಹಳೇ ವಿಶ್ವಾಸ ಸಂಗ್ರಹದ ಸಾಲು. ಮೇಷ್ಟ್ರು ಬರೆದಿದ್ದು ಹೀಗೆ: ಪಿತ ದೇವರು, ಸುತ ದೇವರು, ಪವಿತ್ರಾತ್ಮ ದೇವರು. ಆದರೂ ಮೂವರು ದೇವರಲ್ಲ, ಒಬ್ಬರೇ ದೇವರು. ಅಚ್ಚಾಗಿದ್ದು: ಆದರೂ ಮೂವರೂ ದೇವರಲ್ಲ, ಒಬ್ಬರೇ ದೇವರು.

ರ ಕೊಂಬು ರು. ಅದಕ್ಕೊಂದು ದೀರ್ಘ ಬಂದಿದೆ, ಅಷ್ಟೇ. ಮೂವರು ದೇವರಲ್ಲ ಅಂದರೆ ದೇವರು ಮೂವರಿಲ್ಲ ಅಂತ. ಮೂವರೂ ದೇವರಲ್ಲ ಅಂದರೆ ಮೂವರಲ್ಲಿ ಯಾರೂ ದೇವರಲ್ಲ ಅಂತ.

ತಪ್ಪು ನನ್ನದೇ. ಕೊನೆಯ ಪ್ರೂಫಿನಲ್ಲಿ ಬೇರೆ ಪುಟದಲ್ಲಿ "ಮೂವರು ಸಮಾನರು" ಅನ್ನೋದನ್ನ "ಮೂವರೂ ಸಮಾನರು" ಮಾಡಿ ಅಂದಿದ್ದರು. ನಾನು ಜಾಣತನ ಮಾಡಿ ಹುಡುಕಿ-ಬದಲಿಸು ಕೊಟ್ಟು ಪುಸ್ತಕದಲ್ಲಿದ್ದ ಎಲ್ಲಾ ಮೂವರಿಗೂ ದೀರ್ಘ ಎಳೆದಿದ್ದೆ. ಉಳಿದ ಕಡೆ ಏನೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಇಲ್ಲೊಂದೇ.

ಫೋನ್ ಮಾಡಿದೆ. ಮೇಷ್ಟ್ರು ಬಂದು ಓದಿದರು, ಮತ್ತೆ ಓದಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಮೂವರೂ ದೇವರಲ್ಲ, ಒಬ್ಬರೇ ದೇವರು ಅಂದ್ರೆ ಆ ಒಬ್ಬರು ಯಾರಮ್ಮಾ? ನಾಲ್ಕನೆಯವರಾ?" ಅಂದು ಜೋರಾಗಿ ನಕ್ಕರು. ನನಗೆ ಅಳು ಬರುವ ಹಾಗಿತ್ತು.

ಮತ್ತೆ ಅಚ್ಚು ಹಾಕಲು ಕಾಗದವೂ ಇಲ್ಲ, ಮೆಷಿನ್ನಿಗೆ ಬೇರೆ ಕೆಲಸ ಏರಿತ್ತು. ತಿದ್ದೋಲೆ ಅಂಟಿಸೋಣ ಅಂದೆ. ಯಾರೂ ತಿದ್ದೋಲೆ ಓದಲ್ಲ ಅಂದರು ಮೇಷ್ಟ್ರು. ಚಾಚಾ ಎದ್ದು ಹೋಗಿ ಒಂದು ಪ್ಯಾಕೆಟ್ ಬ್ಲೇಡ್ ತಂದರು.

ಇದು ಹಳೇ ಪ್ರೆಸ್ಸಿನವರ ವಿದ್ಯೆ. ಬ್ಲೇಡನ್ನ ಅರ್ಧಕ್ಕೆ ಮುರಿದು, ಬೆರಳಿಗೆ ತಾಗದ ಹಾಗೆ ಕಾಗದ ಸುತ್ತಬೇಕು. ಮೂಲೆಯ ತುದಿಯಿಂದ ದೀರ್ಘದ ಬಾಲವನ್ನಷ್ಟೇ ಮೆಲ್ಲಗೆ ಕೆರೆಯಬೇಕು. ಒತ್ತಿದರೆ ತೂತು, ಬಿಟ್ಟರೆ ಮಸಿ ಉಳಿಯುತ್ತದೆ. ಕೆರೆದಮೇಲೆ ಎದ್ದ ನಾರಿನ ಮೇಲೆ ಉಗುರಿನ ಬೆನ್ನಿಂದ ಉಜ್ಜಿದರೆ ಕಾಗದ ನುಣುಪಾಗುತ್ತದೆ. ಒಂದು ಪ್ರತಿಗೆ ಐದು ನಿಮಿಷ ಹಿಡಿಯುತ್ತದೆ. 500 ಪ್ರತಿ.

ಎರಡು ದಿನ ಕೂತೆವು. ಬಾಗಿಲಲ್ಲಿ ಮಳೆ. ಕರೆಂಟ್ ಹೋದಾಗ ಕಿಟಕಿ ಹತ್ತಿರ ಜರುಗುವುದು. ಸಂಜೆ ಮೇಷ್ಟ್ರು ಮಿರ್ಚಿ ಮಂಡಕ್ಕಿ ತರಿಸಿದರೆ, ಎಣ್ಣೆ ಕೈ ಹಾಳೆಗೆ ತಾಗುತ್ತೆ ಅಂತ ಚಾಚಾ ಅದನ್ನ ಬಾಗಿಲಾಚೆ ಇಡಿಸಿದರು.

ಕೆರೆಯುತ್ತಾ ಒಂದು ಪ್ರಶ್ನೆ ಕೇಳಿದೆ. ನಾವೂ ಇಲ್ಲಿ ಮೂವರು ಒಂದೇ ಕೆಲಸ ಮಾಡ್ತಿದೀವಿ, ಮೂವರೂ ಮನುಷ್ಯರೇ. ಆದ್ರೆ ನಮ್ಮನ್ನ ಮೂವರು ಮನುಷ್ಯರು ಅಂತಾರೆ. ಅವರನ್ನ ಮಾತ್ರ ಯಾಕೆ ಮೂವರು ದೇವರು ಅನ್ನಬಾರದು? ಮೇಷ್ಟ್ರ ಕಣ್ಣು ಅರಳಿತು. ಇದೇ ಪ್ರಶ್ನೆಯನ್ನ ನಾಲ್ಕನೇ ಶತಮಾನದಲ್ಲಿ ಅಬ್ಲಾಬಿಯಸ್ ಎಂಬವನು ನಿಸ್ಸಾದ ಗ್ರೆಗರಿಗೆ ಹಾಕಿದ್ದನಂತೆ. ಗ್ರೆಗರಿಯ ಉತ್ತರ: ಮನುಷ್ಯರು ಒಂದೇ ಕಸುಬು ಮಾಡಿದರೂ ಒಬ್ಬೊಬ್ಬರು ಬೇರೆ ಬೇರೆಯಾಗಿ ಮಾಡುತ್ತಾರೆ, ಅದಕ್ಕೇ ಹಲವರು. ದೇವರಲ್ಲಿ ಹಾಗಲ್ಲ. ಕೆಲಸ ಒಂದೇ, ಅದು ತಂದೆಯಿಂದ ಹೊರಟು, ಮಗನ ಮೂಲಕ ಬಂದು, ಆತ್ಮನಲ್ಲಿ ಪೂರ್ತಿಯಾಗುತ್ತದೆ. ಮೂರು ಸಲ ನಡೆಯಲ್ಲ.

ನಾನು ನಮ್ಮ ಮೂರು ಗುಡ್ಡೆ ನೋಡಿದೆ. ಚಾಚಾನದು ಎತ್ತರ, ಒಂದೂ ತೂತಿಲ್ಲ. ಮೇಷ್ಟ್ರದು ಗಿಡ್ಡ. ನನ್ನದರಲ್ಲಿ ಆಗಲೇ ನಾಲ್ಕು ಹಾಳೆ ಹರಿದಿತ್ತು. ಬೇರೆ ಬೇರೆ ಅನ್ನೋದು ನೋಡಿದರೇ ಗೊತ್ತಾಗುತ್ತಿತ್ತು.

ಗ್ರೆಗರಿಯ ಉತ್ತರ ನನಗೆ ಪೂರ್ತಿ ಹಿಡಿಸಿತು ಅಂತ ಹೇಳಲಾರೆ. ಚಾಚಾ ಒಂದು ಅನ್ನುವಾಗ ಅದು ಎಣಿಸಿದ ಒಂದು. ಮೇಷ್ಟ್ರು ಒಂದು ಅನ್ನುವಾಗ ಎಣಿಕೆಯೇ ಅಲ್ಲಿ ನಡೆಯಲ್ಲ ಅನ್ನುತ್ತಾರೆ. ಇಬ್ಬರೂ ಹೇಳೋದು ಒಂದೇ ಪದ, ಅರ್ಥ ಒಂದೇ ಅಲ್ಲ. ಆದರೆ ಇವರು ಮೂರು ದೇವರನ್ನ ಇಟ್ಟುಕೊಂಡು ಒಂದು ಅಂತ ಸುಳ್ಳು ಹೇಳುತ್ತಾರೆ ಅನ್ನೋ ನನ್ನ ಹಳೇ ಮಾತನ್ನ ಹಿಂದೆ ತಗೊಂಡಿದ್ದೇನೆ. ಸುಳ್ಳು ಹೇಳೋರು ಒಂದು ದೀರ್ಘಕ್ಕೆ ಎರಡು ದಿನ ಕೂರಲ್ಲ.

7ರ ಸಂಜೆ ಮುಗಿಯಿತು. ಪಿನ್ ಹೊಡೆದು, ಕಟಿಂಗ್ ಮಾಡಿ, ಐವತ್ತರ ಕಟ್ಟು ಕಟ್ಟಿದೆವು. 496. ಆಟೋ ಬಂತು. ಮೇಷ್ಟ್ರು ಚಾಚಾನ ಎರಡೂ ಕೈ ಹಿಡಿದುಕೊಂಡು, "ಸಾಹೇಬ್ರೇ, ನಮ್ಮ ಪುಸ್ತಕ ಉಳಿಸಿದ್ರಿ," ಅಂದರು.

ಚಾಚಾ ಬೆರಳಿಗೆ ಸುತ್ತಿದ್ದ ಕಾಗದ ಬಿಚ್ಚುತ್ತಾ ಅಂದರು: "ದೀರ್ಘ ಕೆರೆದಿದೀನಿ ಅಷ್ಟೇ ಮೇಷ್ಟ್ರೇ. ಒಪ್ಪಿದೀನಿ ಅಂತ ಎರಡನೇ ಮುದ್ರಣದಲ್ಲಿ ಬರೀಬೇಡಿ."